ಪಲ್ಟಣ ಬಿಟ್ಟು ಬಂದವರ ಬೆನ್ನಿಗಿದ್ದ ಜನರಲ್ ಕಾರ್ಯಪ್ಪ

ರಾಯಬಾಗ ಸ್ಟೇಶನ್ನಿನಲ್ಲಿ ಮಿರಜ ಕಡೆಯ ಗಾಡಿ ನಿಂತಾಗ ಒಮ್ಮೊಮ್ಮೆ ಒಂದು ಕರೀ ಟ್ರಂಕು ಇಳಿಯುತ್ತದೆ. ಮ್ಯಾಲೆ ಬಿಳೀ ಬಣ್ಣದಲ್ಲಿ ನಂಬರು, ಹೆಸರು, ಪಲ್ಟಣ ಬರೆದಿರುತ್ತದೆ. ರಜೆಗೆ ಬಂದಾಂವನ ಟ್ರಂಕು ಬ್ಯಾರೆ, ಪಿಂಚಣಿ ಮ್ಯಾಲೆ ಬಂದಾಂವನ ಟ್ರಂಕು ಬ್ಯಾರೆ. ಒಂದು ತಿರುಗಿ ಹೋಗುತ್ತದೆ, ಇನ್ನೊಂದು ಮನೆಯ ಅಟ್ಟ ಸೇರುತ್ತದೆ.

ಇಳಿದಾಂವ ಮುದುಕನಲ್ಲ. ವಯಸ್ಸು ಮೂವತ್ತೈದು, ಹೆಚ್ಚಂದರೆ ನಲವತ್ತು. ಮಕ್ಕಳು ಸಾಲಿಗೆ ಹೋಗುತ್ತಿವೆ. ಅಪ್ಪನ ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಪಾಲಿಗೆ ಎರಡೆಕರೆ ಬಂದರೆ ಪುಣ್ಯ. ಊರ ಮಂದಿ ಮೊದಲ ವಾರ ಕಾಶ್ಮೀರದ ಸುದ್ದಿ ಕೇಳುತ್ತಾರೆ, ಎರಡನೇ ವಾರ ಮುಂದೇನು ಮಾಡ್ತೀ ಅಂತ ಕೇಳುತ್ತಾರೆ.

ಬಹಳ ಮಂದಿ ದುಕಾನ ಹಾಕುತ್ತಾರೆ. ಕಿರಾಣಿಯೋ, ಹಿಟ್ಟಿನ ಗಿರಣಿಯೋ, ಹೋಟೆಲ್ಲೋ. ಇಲ್ಲದಿದ್ದರೆ ಕಬ್ಬು ಹೊಡೆಯಲಿಕ್ಕೆ ಒಂದು ಟ್ರ್ಯಾಕ್ಟರು. ದುಕಾನದ ಮೊದಲ ದಿನ ಪೂಜೆ, ಪೇಢೆ, ಊರೆಲ್ಲ ಹಾಜರು. ವರ್ಷ ತುಂಬುವುದರೊಳಗೆ ಮಾಲು ಖಾಲಿ, ಉದ್ರಿ ವಹಿ ಭರ್ತಿ! ಭಾವನ ಮನಿಗೆ ಉದ್ರಿ, ಕಾಕಾನ ಮನಿಗೆ ಉದ್ರಿ, ಸಾಲಿ ಮಾಸ್ತರರಿಗೆ ಉದ್ರಿ. ಹಿಮದ ಗುಡ್ಡದ ಮ್ಯಾಲೆ ಹಿಂದಕ್ಕೆ ಸರಿಯದಾಂವ ಉದ್ರಿ ಕೇಳಿದವರ ಮುಂದೆ ಇಲ್ಲ ಅನ್ನಲಾರ. ಪಲ್ಟಣದಲ್ಲಿ ಅವನಿಗೆ ಬಂದೂಕು ಕಲಿಸಿದರು, ವಾಯರ್‌ಲೆಸ್ ಕಲಿಸಿದರು, ಮೂರು ಟನ್ನಿನ ಗಾಡಿ ಹೊಡೆಯುವುದನ್ನೂ ಕಲಿಸಿದರು. ಬಾಕಿ ವಸೂಲಿ ಮಾತ್ರ ಯಾರೂ ಕಲಿಸಲಿಲ್ಲ.

ಈ ಮಾತನ್ನು ಜೀವಮಾನವೆಲ್ಲ ತಲೆಯಲ್ಲಿ ಇಟ್ಟುಕೊಂಡಿದ್ದ ಒಬ್ಬ ದೊಡ್ಡ ಮನುಷ್ಯ ನಮ್ಮ ಕರ್ನಾಟಕದಲ್ಲೇ ಇದ್ದರು. ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಅನ್ನುವಲ್ಲಿಗೆ ಸಾಲಿಯ ಪುಸ್ತಕದ ಪಾಠ ಮುಗಿಯುತ್ತದೆ. ಆಮೇಲೆ ಅವರು ನಲವತ್ತು ವರ್ಷ ಬದುಕಿದ್ದರು. ನಮ್ಮ ಪೇಟೆಗೆ ಸಂಬಂಧಪಟ್ಟದ್ದು ಆ ನಲವತ್ತು ವರ್ಷದ ಸುದ್ದಿ.

ಹುಟ್ಟಿದ್ದು 1899ರ ಜನವರಿ 28ಕ್ಕೆ, ಕೊಡಗಿನ ಶನಿವಾರಸಂತೆಯಲ್ಲಿ. ಊರಿನ ಹೆಸರಿನಲ್ಲೇ ಸಂತೆ ಇದೆ, ನೋಡಿರಿ! ತಂದೆ ಮಾದಪ್ಪನವರು ಕಂದಾಯ ಇಲಾಖೆಯ ನೌಕರರು. ಮನೆಯಲ್ಲಿ ಹುಡುಗನಿಗೆ ಚಿಮ್ಮ ಅಂತ ಕರೆಯುತ್ತಿದ್ದರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು ಮುಗಿಸಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷರು ಭಾರತೀಯರಿಗೂ ಅಧಿಕಾರಿ ಹುದ್ದೆ ಕೊಡಲು ಒಪ್ಪಿದರು. ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದ ಮೊದಲ ತಂಡದಲ್ಲಿ ಕಾರ್ಯಪ್ಪನವರಿದ್ದರು. 1919ರ ಡಿಸೆಂಬರ್ 1ಕ್ಕೆ ಅಧಿಕಾರಿಯಾಗಿ ಮುಂಬಯಿಯಲ್ಲಿದ್ದ ಕರ್ನಾಟಿಕ್ ಇನ್‌ಫಂಟ್ರಿಗೆ ಸೇರಿದರು.

ಆದರೆ ಕಾಯಂ ಆದೇಶ ಬಂದದ್ದು 1922ರಲ್ಲಿ! ಅದರ ಮ್ಯಾಲೆ ಹಾಕಿದ ತಾರೀಖು 1920ರ ಜುಲೈ 17. ಯಾಕೆ? ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಿಂದ ಪಾಸಾದ ಅಧಿಕಾರಿಗಳ ತಾರೀಖು ಜುಲೈ 16. ಒಂದೇ ದಿನದ ಹಿಂದು ಮುಂದು, ಆದರೆ ಕರೀ ಮನುಷ್ಯ ಬಿಳೀ ಮನುಷ್ಯನ ಕೆಳಗೆ ನಿಂತಂತಾಯಿತು. ರೇಶನ್ ಅಂಗಡಿಯ ಪಾಳಿಯಲ್ಲಿ ಮುಂದೆ ನಿಂತವರನ್ನು ಹಿಂದಕ್ಕೆ ತಳ್ಳುವುದನ್ನು ಕಂಡವರಿಗೆ ಇದು ತಿಳಿಯುತ್ತದೆ. ಕಾರ್ಯಪ್ಪನವರು ಜಗಳ ಮಾಡಲಿಲ್ಲ, ಕೆಲಸ ಮಾಡಿದರು. ಮೆಸೊಪೊಟೇಮಿಯಾಕ್ಕೆ ಹೋಗಿ ಬಂದರು, 1923ರಲ್ಲಿ ರಜಪೂತ ಪಲ್ಟಣಕ್ಕೆ ಸೇರಿ ಅದನ್ನೇ ತಮ್ಮದು ಮಾಡಿಕೊಂಡರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಆಯ್ಕೆಯಾದ ಮೊದಲ ಭಾರತೀಯ ಅವರೇ. ಅಲ್ಲಿ ಕಲಿತವರಿಗೆ ಕೂಡಲೇ ಸ್ಟಾಫ್ ಹುದ್ದೆ ಸಿಗುವುದು ವಾಡಿಕೆ. ಇವರನ್ನು ಎರಡು ವರ್ಷಕ್ಕೂ ಹೆಚ್ಚು ಕಾಯಿಸಿದರು.

ಇಲ್ಲಿ ದುಕಾನದವರು ಗಮನ ಇಡಬೇಕಾದ ಒಂದು ಸಂಗತಿ ಇದೆ. ಕಾರ್ಯಪ್ಪನವರು ಮಾಡಿದ ಕೆಲಸದಲ್ಲಿ ದೊಡ್ಡ ಪಾಲು ಕ್ವಾರ್ಟರ್ ಮಾಸ್ತರ ಶಾಖೆಯದು. 1931ರಲ್ಲಿ ಪೇಶಾವರದಲ್ಲಿ, ಎರಡನೇ ಮಹಾಯುದ್ಧದಲ್ಲಿ ಇರಾಕಿನ 10ನೇ ಡಿವಿಜನ್ನಿನಲ್ಲಿ, 1943ರಲ್ಲಿ ಪೂರ್ವ ಕಮಾಂಡಿನಲ್ಲಿ ಅದೇ ಕೆಲಸ. ಕ್ವಾರ್ಟರ್ ಮಾಸ್ತರ ಅಂದರೆ ಯಾರು? ಅಕ್ಕಿ, ಬ್ಯಾಳಿ, ತುಪ್ಪ, ಬೂಟು, ಕಂಬಳಿ, ಪೆಟ್ರೋಲು, ಕತ್ತೆ, ಲಾರಿ ಎಲ್ಲದರ ಲೆಕ್ಕ ಇಡುವಾಂವ. ಎಷ್ಟು ಬಂತು, ಎಷ್ಟು ಹೋತು, ಎಷ್ಟು ಉಳೀತು. ದೊಡ್ಡ ಅಡತಿ ಅಂಗಡಿಯ ದಿವಾನಜಿ ಮಾಡುವುದೂ ಇದನ್ನೇ. ಒಂದೇ ಫರಕು: ಅಡತಿಯಲ್ಲಿ ಲೆಕ್ಕ ತಪ್ಪಿದರೆ ರೊಕ್ಕ ಹೋಗುತ್ತದೆ, ಅಲ್ಲಿ ಮಂದಿ ಹೋಗುತ್ತಾರೆ. ಪಲ್ಟಣದಲ್ಲಿ ಇಂಥ ಲೆಕ್ಕ ಕಲಿತ ಸ್ಟೋರ್‌ಕೀಪರು, ಕಾರಕೂನರು, ಡ್ರೈವರು, ಮಿಸ್ತ್ರಿಗಳು ಸಾವಿರಗಟ್ಟಲೆ ಇದ್ದರು. ಊರಿಗೆ ಬಂದ ಮ್ಯಾಲೆ ಅವರ ವಿದ್ಯೆ ತುಕ್ಕು ಹಿಡಿಯುತ್ತಿತ್ತು.

1942ರಲ್ಲಿ ಫತೇಗಡದಲ್ಲಿ ರಜಪೂತರ ಹೊಸ ಮಶಿನ್‌ಗನ್ ಬಟಾಲಿಯನ್ ಕಟ್ಟುವ ಹೊಣೆ ಅವರಿಗೆ ಬಂತು. ಬಟಾಲಿಯನ್ ಒಂದರ ಮುಖ್ಯಸ್ಥನಾದ ಮೊದಲ ಭಾರತೀಯ ಅವರೇ. 1944ರ ಕೊನೆಗೆ ಬ್ರಿಗೇಡಿಯರ್ ಆದರು. ಯುದ್ಧದ ನಂತರ ಸೇನೆ ಹೇಗಿರಬೇಕು ಅಂತ ವಿಚಾರ ಮಾಡುವ ವಿಲ್‌ಕಾಕ್ಸ್ ಸಮಿತಿಯಲ್ಲಿ ಅವರನ್ನು ತಗೊಂಡರು.

ಯುದ್ಧ ಮುಗಿದಾಗ ಭಾರತದ ಸೇನೆಯಲ್ಲಿದ್ದವರು ಸುಮಾರು 25 ಲಕ್ಷ. ಒತ್ತಾಯದ ಭರ್ತಿ ಇಲ್ಲದೆ ಕೂಡಿದ ಸೇನೆ ಅಷ್ಟು ದೊಡ್ಡದು ಜಗತ್ತಿನಲ್ಲಿ ಬೇರೆ ಇರಲಿಲ್ಲ. ಶಾಂತಿ ಬಂದ ಮ್ಯಾಲೆ ಅಷ್ಟು ಮಂದಿಗೆ ಪಗಾರ ಕೊಡುವವರು ಯಾರು? ಎರಡು ವರ್ಷದಲ್ಲಿ ಬಹುಪಾಲು ಮಂದಿಯನ್ನು ಮನೆಗೆ ಕಳಿಸಿದರು. ಬೆಳಗಾವಿಯ ಮರಾಠಾ ಸೆಂಟರಿನಿಂದ ಆಫ್ರಿಕಾಕ್ಕೆ, ಇಟಲಿಗೆ, ಬರ್ಮಾಕ್ಕೆ ಹೋಗಿದ್ದವರು ತಿರುಗಿ ಬಂದರು. ಕೈಯಲ್ಲಿ ಒಂದಿಷ್ಟು ರೊಕ್ಕ, ಎದೆಯ ಮ್ಯಾಲೆ ಪದಕ, ಮುಂದೆ ಬರೇ ಬಯಲು. ರೊಕ್ಕ ಮದುವೆಗೆ, ಸಾಲಕ್ಕೆ, ಎತ್ತಿಗೆ ಹೋತು. ಪದಕ ಗ್ವಾಡಿಗೆ ಹೋತು.

ಮುಂದಿನ ಸುದ್ದಿ ಎಲ್ಲರಿಗೂ ಗೊತ್ತಿರುವುದು, ಅದನ್ನು ಲಗೂನ ಮುಗಿಸೋಣ. 1947ರಲ್ಲಿ ಲಂಡನ್ನಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜು, ತಿರುಗಿ ಬಂದು ದೇಶ ಒಡೆದಾಗ ಸೇನೆಯ ಪಾಲು ಹಂಚಿಕೆ. 1948ರಲ್ಲಿ ಪಶ್ಚಿಮದ ಕಮಾಂಡು ಅವರ ಕೈಗೆ ಬಂತು. ನೌಶೇರಾ, ಝಂಗಡ, ಝೋಜಿಲಾ, ದ್ರಾಸ್, ಕಾರ್ಗಿಲ್ ತಿರುಗಿ ನಮ್ಮ ಕೈಗೆ ಬಂದವು, ಲೇಹದ ದಾರಿ ತೆರೆಯಿತು. 1949ರ ಜನವರಿ 15ಕ್ಕೆ ಜನರಲ್ ಬುಚರ್ ಸಾಹೇಬರಿಂದ ಅಧಿಕಾರ ತಗೊಂಡರು. ಅದೇ ದಿನವನ್ನು ಇಂದಿಗೂ ಸೇನಾ ದಿನ ಅಂತ ಆಚರಿಸುತ್ತಾರೆ. ಆ ವರ್ಷ ನಮಗೂ ದೊಡ್ಡದೇ. ಮಾರ್ಚ್ 1ಕ್ಕೆ ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ಆ ಸಂಸ್ಥಾನದ ಕೈಯಲ್ಲಿದ್ದ ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂತು.

ಮನುಷ್ಯ ಎಂಥವರು ಅನ್ನಲಿಕ್ಕೆ ಅವರ ಮಗ ಹೇಳಿರುವ ಒಂದು ಸಂಗತಿ ಸಾಕು. ಮಕ್ಕಳನ್ನು ಸಾಲಿಗೆ ಒಯ್ಯುವ ಸೇನೆಯ ಟ್ರಕ್ಕು ಒಂದು ದಿನ ಬರಲಿಲ್ಲ. ಸಹಾಯಕ ಅಧಿಕಾರಿ ಸಾಹೇಬರ ಸರಕಾರಿ ಕಾರಿನಲ್ಲಿ ಮಕ್ಕಳನ್ನು ಬಿಟ್ಟು ಬಂದ. ಕಾರ್ಯಪ್ಪನವರಿಗೆ ಗೊತ್ತಾದ ಕೂಡಲೇ ಸಿಟ್ಟಿಗೆದ್ದು, ಆ ಓಡಾಟದ ಬಿಲ್ಲು ಮಾಡಿಸಿ ತಮ್ಮ ಪಗಾರದಲ್ಲಿ ಕಳೆಯಲು ಹೇಳಿದರು. ನಮ್ಮ ಕಡೆಯ ಸಾಹೇಬರ ಜೀಪುಗಳು ಸಂತೆಗೂ ಬರುತ್ತವೆ, ಮಾಯಕ್ಕನ ಜಾತ್ರೆಗೆ ಚಿಂಚಲಿಗೂ ಬರುತ್ತವೆ. ಹೆಚ್ಚಿಗೆ ಹೇಳುವುದು ಬ್ಯಾಡ.

1953ರ ಜನವರಿಯಲ್ಲಿ ನಿವೃತ್ತರಾದರು. ಆಗ ಅವರಿಗೆ ಐವತ್ನಾಲ್ಕೂ ತುಂಬಿರಲಿಲ್ಲ. ನೆಹರೂ ಸರಕಾರ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಶನರ್ ಮಾಡಿ ಕಳಿಸಿತು. 1956ರಲ್ಲಿ ತಿರುಗಿ ಬಂದು ಮಡಿಕೇರಿಯ ರೋಶನಾರಾ ಎಂಬ ಮನೆಯಲ್ಲಿ ನೆಲೆ ನಿಂತರು. ಜನರಲ್ ಸಾಹೇಬರಿಗೆ ಪಿಂಚಣಿ ಇತ್ತು, ಮನೆ ಇತ್ತು, ಹೆಸರಿತ್ತು. ಕಾಫಿ ಕುಡಿಯುತ್ತ ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಆದರೆ ಅವರ ಕೈಕೆಳಗೆ ದುಡಿದ ಸಿಪಾಯಿಯ ಸ್ಥಿತಿ ಬ್ಯಾರೆ ಇತ್ತು. ಆಗಿನ ನೌಕರಿಯ ಕಟ್ಟಳೆ ನೆನಪಿರುವವರು ಈಗ ಕಡಿಮೆ. ಸಿಪಾಯಿ 7 ವರ್ಷ ಪಲ್ಟಣದಲ್ಲಿ, 8 ವರ್ಷ ರಿಸರ್ವಿನಲ್ಲಿ. ಅಂದರೆ ಹದಿನೆಂಟಕ್ಕೆ ಸೇರಿದಾಂವ ಇಪ್ಪತ್ತೈದಕ್ಕೆ ಮನೆಗೆ! ರಿಸರ್ವಿನ ಕಾಲ ಮುಗಿದ ಮ್ಯಾಲೆ ಸಣ್ಣ ಪಿಂಚಣಿ. ಪಲ್ಟಣದ ನೌಕರಿ ಹತ್ತು ವರ್ಷಕ್ಕೆ, ಆಮೇಲೆ 1970ರ ದಶಕದಲ್ಲಿ ಹದಿನೈದಕ್ಕೆ ಏರಿತು. ಸೇನೆ ತರುಣ ಇರಬೇಕು ಅಂದರೆ ಮಂದಿಯನ್ನು ಬೇಗ ಕಳಿಸಲೇಬೇಕು, ಅದು ಖರೇ. ಕಳಿಸಿದ ಮ್ಯಾಲೆ ಅವರು ಹೇಗೆ ಬದುಕಬೇಕು ಅನ್ನುವುದಕ್ಕೆ ಸರಿಯಾದ ಏರ್ಪಾಡು ಇರಲಿಲ್ಲ. ಬ್ರಿಟಿಷರ ಕಾಲದಿಂದ ಜಿಲ್ಲೆಗೊಂದು ಸೋಲ್ಜರ್ಸ್ ಬೋರ್ಡು ಇತ್ತು. ಅದರ ಅಧ್ಯಕ್ಷರು ಕಲೆಕ್ಟರು. ಅರ್ಜಿ ಕೊಟ್ಟವನಿಗೆ ಒಂದಿಷ್ಟು ಸಹಾಯ ಸಿಗುತ್ತಿತ್ತು. ಆದರೆ ಸಹಾಯ ಧನ ತಿಂದು ಮುಗಿಯುವಂಥದ್ದು, ಕಸುಬು ಹಾಗಲ್ಲ.

1962ರ ಚೀನಾ ಯುದ್ಧದ ನಂತರ ಸೇನೆ ದಿಢೀರನೆ ಬೆಳೆಯಿತು. ಇಷ್ಟು ಮಂದಿ ನಾಳೆ ಹೊರಗೂ ಬರುತ್ತಾರೆ ಅನ್ನುವುದು ಕ್ವಾರ್ಟರ್ ಮಾಸ್ತರ ಲೆಕ್ಕ ಬಲ್ಲ ಕಾರ್ಯಪ್ಪನವರಿಗೆ ತಿಳಿಯದ ಮಾತಲ್ಲ. 1964ರಲ್ಲಿ ಭಾರತೀಯ ಮಾಜಿ ಸೈನಿಕರ ಲೀಗು ಸ್ಥಾಪಿಸಿದರು. ಅಲ್ಲಲ್ಲಿ ಚದುರಿದ್ದ ಪಿಂಚಣಿದಾರರಿಗೆ ದೇಶಮಟ್ಟದ ಒಂದು ದನಿ ಬಂತು. ಸೈನಿಕರ ಪುನರ್ವಸತಿ ನಿರ್ದೇಶನಾಲಯ ರೂಪುಗೊಳ್ಳುವುದರಲ್ಲೂ ಅವರ ಕೈ ಇತ್ತು. ದಿಲ್ಲಿಯ ಆ ನಿರ್ದೇಶನಾಲಯವೇ ಇಂದು ನಿವೃತ್ತಿಯ ಹೊಸ್ತಿಲಲ್ಲಿರುವ ಸೈನಿಕರಿಗೆ 24 ವಾರಗಳವರೆಗಿನ ತರಬೇತಿ ಏರ್ಪಡಿಸುತ್ತದೆ, ಸೆಕ್ಯುರಿಟಿ ಏಜೆನ್ಸಿ ನಡೆಸುವವರನ್ನು ನೋಂದಾಯಿಸುತ್ತದೆ, ಪೆಟ್ರೋಲ್ ಪಂಪಿಗೆ, ಗ್ಯಾಸ್ ಏಜೆನ್ಸಿಗೆ ಅರ್ಹತಾ ಪತ್ರ ಕೊಡುತ್ತದೆ. ಕಲ್ಲಿದ್ದಲು ಸಾಗಿಸುವ ಕಂಪನಿ, ದಿಲ್ಲಿಯ ಹಾಲಿನ ಬೂತು ಇವೂ ಅದರ ಯೋಜನೆಗಳೇ.

ಇಲ್ಲಿ ಒಂದು ಮಾತು ಆಡಬೇಕಾಗುತ್ತದೆ. ಕಲ್ಲಿದ್ದಲಿನ ಗಣಿ ರಾಯಬಾಗದಲ್ಲಿ ಇಲ್ಲ. ದಿಲ್ಲಿಯ ಹಾಲಿನ ಬೂತು ಹಾರೂಗೇರಿಯ ಹವಾಲ್ದಾರನಿಗೆ ಏನು ಉಪಯೋಗ? ನಮ್ಮಲ್ಲಿ ನಡೆಯುವುದು ಕಬ್ಬಿನ ಗಾಡಿ, ಬೆಲ್ಲ, ಎಮ್ಮೆ, ಮೋಟಾರ್ ರಿವೈಂಡಿಂಗು, ನಿಪ್ಪಾಣಿ ಕಡೆ ತಂಬಾಕು. ಇವನ್ನು ಕಲಿಸುವವರು ದಿಲ್ಲಿಯಲ್ಲಿ ಕೂತಿಲ್ಲ, ನಮ್ಮ ಪೇಟೆಯ ಗಾದಿಯ ಮ್ಯಾಲೆ ಕೂತಿದ್ದಾರೆ. ಯಾರಿಗೆ ಎಷ್ಟು ಉದ್ರಿ, ಮಾಲು ಮಿರಜದಿಂದಲೋ ಬೆಳಗಾವಿಯಿಂದಲೋ, ದೀಪಾವಳಿಗೆ ವಹಿ ಮುಚ್ಚುವುದು ಹ್ಯಾಂಗ, ಭಾಡಿಗೆ ಕರಾರು ಎಷ್ಟು ವರ್ಷಕ್ಕೆ, ಕಾರಖಾನೆಯ ಬಿಲ್ಲು ತಡವಾದರೆ ಟ್ರ್ಯಾಕ್ಟರಿನ ಹಪ್ತೆ ಎಲ್ಲಿಂದ, ಇದೆಲ್ಲ ಅವರ ಬಾಯಾಗ ಐತಿ, ಯಾವ ಪುಸ್ತಕದಾಗೂ ಇಲ್ಲ. ಕಾರ್ಯಪ್ಪನವರು ಕಟ್ಟಿದ್ದು ಮೇಲಿನ ಅಟ್ಟ. ಕೆಳಗಿನ ಪಾವಟಿಗೆ ಇನ್ನೂ ಬಾಕಿ ಇದೆ, ಅದನ್ನು ಜನರಲ್ ಸಾಹೇಬರ ಲೆಕ್ಕಕ್ಕೆ ಹಚ್ಚುವುದು ಸರಿಯಲ್ಲ.

ಲೀಗು ಕಟ್ಟಿದ ಮರುವರ್ಷವೇ ಅವರ ಮನೆಗೆ ಯುದ್ಧ ಬಂತು. 1965ರಲ್ಲಿ ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ವಿಮಾನ ಬಿದ್ದು, ಅವರು ಪಾಕಿಸ್ತಾನದ ಕೈಗೆ ಸೆರೆಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ದೇಶ ಒಡೆಯುವ ಮೊದಲಿನ ಭಾರತದಲ್ಲಿ, ಬನ್ನು ಬ್ರಿಗೇಡಿನಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡುವ ಮಾತು ಬಂದಾಗ ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಸೈನಿಕರೂ ತಮ್ಮ ಮಕ್ಕಳೇ, ಒಬ್ಬನಿಗೆ ಬ್ಯಾರೆ ನ್ಯಾಯ ಬ್ಯಾಡ ಅನ್ನುವ ಅರ್ಥದ ಉತ್ತರ ಕೊಟ್ಟರು. ಪೇಟೆಯಲ್ಲಿ ಒಬ್ಬ ಗಿರಾಕಿಗೆ ಒಂದು ದರ, ಇನ್ನೊಬ್ಬನಿಗೆ ಇನ್ನೊಂದು ದರ ಮಾಡದವರಿಗೆ ಎಷ್ಟು ಗಟ್ಟಿ ಎದೆ ಬೇಕು ಅಂತ ದುಕಾನದವರೇ ಹೇಳಬೇಕು.

ಅವರ ಎಲ್ಲ ಮಾತಿಗೂ ಹೂಂ ಅನ್ನಬೇಕು ಅಂತಿಲ್ಲ. ರಾಜಕಾರಣದ ಬಗ್ಗೆ ಅವರು ಆಡಿದ ಮಾತುಗಳು ಒಮ್ಮೊಮ್ಮೆ ಪಲ್ಟಣದ ಹುಕುಮಿನಂತೆ ಕೇಳುತ್ತಿದ್ದವು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಹುಕುಮು ಕೊಟ್ಟರೆ ಓಟು ಬೀಳುವುದಿಲ್ಲ, ಗಿರಾಕಿಯೂ ಬರುವುದಿಲ್ಲ! ಪಲ್ಟಣ ಬಿಟ್ಟು ಬಂದು ದುಕಾನ ಹಾಕಿದ ಎಷ್ಟೋ ಮಂದಿ ಕಲಿಯುವ ಮೊದಲನೇ ಪಾಠವೂ ಇದೇ.

ಸೋತ ಮ್ಯಾಲೂ ಸೈನಿಕರ ಕೆಲಸ ಬಿಡಲಿಲ್ಲ. 1965ರಲ್ಲೂ 1971ರಲ್ಲೂ ಗಡಿಗೆ ಹೋಗಿ ಜವಾನರನ್ನು ಕಂಡು ಬಂದರು. 1980ರ ದಶಕದ ಕೊನೆಗೆ ಮಾಜಿ ಸೈನಿಕರ ಸ್ವಂತ ಉದ್ಯೋಗಕ್ಕೆ ಬ್ಯಾಂಕ್ ಸಾಲ ಕೊಡಿಸುವ ಸೆಮ್‌ಫೆಕ್ಸ್ ಯೋಜನೆಗಳು ಬಂದವು. ಆ ಹೊತ್ತಿಗೆ ಕಾರ್ಯಪ್ಪನವರಿಗೆ ತೊಂಬತ್ತು ಹತ್ತಿರ. 1986ರಲ್ಲಿ, ನಿವೃತ್ತಿಯಾಗಿ ಮೂವತ್ಮೂರು ವರ್ಷದ ಮ್ಯಾಲೆ, ಸರಕಾರ ಅವರಿಗೆ ಫೀಲ್ಡ್ ಮಾರ್ಶಲ್ ಪದವಿ ಕೊಟ್ಟಿತು. ಏಪ್ರಿಲ್ 28ಕ್ಕೆ ರಾಷ್ಟ್ರಪತಿ ಭವನದಲ್ಲಿ ಸಮಾರಂಭ. ಅದಕ್ಕೂ ಮೊದಲು ಈ ಪದವಿ ಪಡೆದವರು ಮಾಣೆಕ್ ಷಾ ಒಬ್ಬರೇ.

ಸೇನೆ ಬಿಟ್ಟ ಮ್ಯಾಲೆ ವ್ಯಾಪಾರದಲ್ಲಿ ಹೆಸರು ಮಾಡಿದವರು ನಮ್ಮ ರಾಜ್ಯದಲ್ಲೇ ಇಲ್ಲವೇ? ಇದ್ದಾರೆ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1971ರ ಯುದ್ಧ ಕಂಡು, ಆ ದಶಕದ ಕೊನೆಗೆ ಸೇನೆ ಬಿಟ್ಟು, ಬಂಜರು ಹೊಲದಲ್ಲಿ ರೇಶ್ಮೆ ಬೆಳೆದು, ಮೋಟಾರ್ ಸೈಕಲ್ ಮಾರಿ, ಕಡೆಗೆ 2003ರಲ್ಲಿ ಕಡಿಮೆ ದರದ ವಿಮಾನ ಹಾರಿಸಿದರು. ಆದರೆ ಅವರು ಇಂಗ್ಲಿಷ್ ಬಲ್ಲ ಅಧಿಕಾರಿ, ಇಪ್ಪತ್ತೆಂಟರ ಆಸುಪಾಸಿನಲ್ಲಿ ಹೊರಬಿದ್ದವರು. ಸಿಪಾಯಿಯ ದಾರಿ ಅದಲ್ಲ. ಅವನು ಅರ್ಧ ಪಿಂಚಣಿ ಮಾರಿ ಗಂಟು ತರುತ್ತಾನೆ. ಸೈನಿಕರಿಗೆ ಪಿಂಚಣಿಯ ನೂರಕ್ಕೆ 50 ಪಾಲು ಹೀಗೆ ಮಾರಲು ಬರುತ್ತದೆ, ಆ ಪಾಲು ತಿರುಗಿ ಸೇರುವುದು 15 ವರ್ಷಕ್ಕೆ. ದುಕಾನ ಮುಳುಗಿದರೆ ಹದಿನೈದು ವರ್ಷ ಅರ್ಧ ಹೊಟ್ಟೆ.

ಈಗ ಇನ್ನೊಂದು ಗುಂಪು ಬರಲಿದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನೌಕರಿ ನಾಲ್ಕೇ ವರ್ಷ. ನೂರಕ್ಕೆ 25 ಮಂದಿ ಕಾಯಂ ಅಂತ ಗೊತ್ತುಮಾಡಿದ್ದು, ಉಳಿದವರಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ. ಪಿಂಚಣಿ ಇಲ್ಲ. ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಆರಂಭಕ್ಕೆ, ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ, 2027ರ ಆರಂಭಕ್ಕೆ. ಇಪ್ಪತ್ಮೂರು ವರ್ಷದ ಹುಡುಗನ ಕೈಯಲ್ಲಿ ಹನ್ನೊಂದು ಲಕ್ಷ! ರಾಯಬಾಗದಲ್ಲಿ ಅದರ ವಾಸನೆ ಹಿಡಿಯುವವರು ಎಷ್ಟು ಮಂದಿ ಇದ್ದಾರೆ ಅನ್ನುವುದು ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಗೊತ್ತು. ಪ್ಲಾಟಿನ ದಲಾಲರು, ಭಿಶಿಯವರು, ಪಾಲುದಾರಿಕೆಗೆ ಬಾ ಅನ್ನುವ ಭಾವಂದಿರು. ಕಾರ್ಯಪ್ಪನವರ ಕಾಲದ ಏಳು ವರ್ಷದ ಸಿಪಾಯಿಗಿಂತ ಇವನು ಇನ್ನೂ ಎಳೆಯ.

ಕಾರ್ಯಪ್ಪನವರು 1993ರ ಮೇ 15ಕ್ಕೆ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ತೊಂಬತ್ನಾಲ್ಕು ವರ್ಷದ ತುಂಬು ಬಾಳು. ಎರಡು ದಿನದ ನಂತರ ಮಡಿಕೇರಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಮೂರೂ ಸೇನೆಯ ಮುಖ್ಯಸ್ಥರು ಬಂದಿದ್ದರು, ಫೀಲ್ಡ್ ಮಾರ್ಶಲ್ ಮಾಣೆಕ್ ಷಾ ಬಂದಿದ್ದರು. ಮಗ ನಂದಾ ಅವರು ಚಿತೆಗೆ ಬೆಂಕಿ ಇಟ್ಟರು.

ಕಡೆಗೆ, ಬೇಕಾದವರಿಗೆ ಒಂದಿಷ್ಟು ಮಾಹಿತಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಮಾಜಿ ಸೈನಿಕರು ವಿಶೇಷ ವರ್ಗಕ್ಕೆ ಸೇರುತ್ತಾರೆ. ಕೈಯಿಂದ ಹಾಕಬೇಕಾದದ್ದು ನೂರಕ್ಕೆ 5, ಸಬ್ಸಿಡಿ ಹಳ್ಳಿಯಲ್ಲಿ ನೂರಕ್ಕೆ 35, ಶಹರದಲ್ಲಿ 25, ಉಳಿದದ್ದು ಬ್ಯಾಂಕಿನ ಸಾಲ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ ಬೆಳಗಾವಿಯಲ್ಲಿದೆ. ಹೋಗುವವರು ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ, ಮಾಜಿ ಸೈನಿಕರ ಗುರುತಿನ ಚೀಟಿ ಮೂರನ್ನೂ ಮರೆಯದೆ ಒಯ್ಯಬೇಕು, ಝೆರಾಕ್ಸ್ ಸಮೇತ.